ಮಲ್ಪೆ, ಕೋಡಿಬೆಂಗ್ರೆ ಕಡೆ ಗೈಡ್ ಜೊತೆ ದೋಣಿಯಲ್ಲಿ ಗಾಳ ಹಾಕಲು ಹೋಗುವ ಬಗ್ಗೆ ಸಲಹೆ ಬೇಕು

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರು ತೀರ್ಥಹಳ್ಳಿಯ ಕಡೆಯವರು. ತುಂಗೆಯ ದಡದಲ್ಲಿ ಬಿದಿರಿನ ಕೋಲಿಗೆ ತಂಗೂಸಿ ಕಟ್ಟಿ, ಎರೆಹುಳು ಸಿಕ್ಕಿಸಿ, ಗಾಳ ಹಾಕುತ್ತಲೇ ಬೆಳೆದವರು. ಈಗ ಅವರಿಗೆ 68 ವರ್ಷ. ಮಣಿಪಾಲದ ನಮ್ಮ ಮನೆಗೆ ಬಂದಾಗಲೆಲ್ಲ ಮಲ್ಪೆಗೆ ಕರೆದುಕೊಂಡು ಹೋಗುತ್ತೇನೆ. ಅವರು ಕಡಲತೀರದ ಜನಸಂದಣಿಯನ್ನು ನೋಡುವುದಿಲ್ಲ. ದೂರದ ದ್ವೀಪಗಳ ಕಡೆಗೆ ಕೈ ತೋರಿಸಿ, ಆ ಕಲ್ಲುಗಳ ಬುಡದಲ್ಲಿ ಯಾವ ಮೀನು ಇರಬಹುದು ಎಂದು ಕೇಳುತ್ತಾರೆ. ನನ್ನ ಬಳಿ ಉತ್ತರವಿರುವುದಿಲ್ಲ. ಡಿಸೆಂಬರ್ ಕೊನೆಯ ವಾರದಲ್ಲಿ ಅವರು ಮತ್ತೆ ಬರುತ್ತಿದ್ದಾರೆ. ಈ ಬಾರಿ ಒಂದು ದೋಣಿಯನ್ನು ಗೊತ್ತುಮಾಡಿ, ತಿಳಿದವರೊಬ್ಬರನ್ನು ಜೊತೆಗಿಟ್ಟುಕೊಂಡು, ದಡ ಕಣ್ಣಿಗೆ ಕಾಣುವಷ್ಟು ಹತ್ತಿರದ ನೀರಿನಲ್ಲೇ ಅವರಿಗೆ ಅರ್ಧ ದಿನ ಗಾಳ ಹಾಕಿಸಬೇಕೆಂಬುದು ನನ್ನ ಆಸೆ. ಹತ್ತು ವರ್ಷದ ಮಗಳೂ ಬರುತ್ತೇನೆಂದು ಹಟ ಹಿಡಿದಿದ್ದಾಳೆ.

ಕಳೆದ ವರ್ಷ ಸ್ನೇಹಿತರೊಂದಿಗೆ ಒಮ್ಮೆ ಹೋಗಿದ್ದೆ, ಆದರೆ ಆ ಅನುಭವ ಚೆನ್ನಾಗಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಎಂದಿದ್ದ ದೋಣಿ ಹೊರಟದ್ದು ಹತ್ತೂವರೆಗೆ. ಅಷ್ಟರಲ್ಲಿ ಗಾಳಿ ಎದ್ದಿತ್ತು. ನಾಲ್ವರಲ್ಲಿ ಮೂವರು ವಾಂತಿ ಮಾಡಿಕೊಂಡೆವು. ಕೊಟ್ಟ ರಾಡ್‌ನ ರೀಲು ತುಕ್ಕು ಹಿಡಿದು ತಿರುಗುತ್ತಿರಲಿಲ್ಲ, ಲೈಫ್ ಜಾಕೆಟ್‌ನ ಪಟ್ಟಿಗಳು ಹರಿದಿದ್ದವು. ತಂದೆಯನ್ನೂ ಮಗಳನ್ನೂ ಅಂಥ ದೋಣಿಗೆ ಹತ್ತಿಸಲು ನನ್ನಿಂದ ಸಾಧ್ಯವಿಲ್ಲ.

ಆದ್ದರಿಂದ ತಿಳಿದವರಲ್ಲಿ ಕೇಳಿಕೊಳ್ಳುತ್ತಿದ್ದೇನೆ. ಮೊಣಕಾಲು ನೋವಿರುವ ಹಿರಿಯರಿಗೆ ಹೊಳೆ ಕಡಲು ಸೇರುವ ಅಳಿವೆಯ ಒಳಗೆ ಗಾಳ ಹಾಕುವುದು ಒಳ್ಳೆಯದೋ, ಸೇಂಟ್ ಮೇರೀಸ್ ದ್ವೀಪದ ಕಡೆಗೆ ಹೋಗುವುದು ಒಳ್ಳೆಯದೋ? ದಿನ ಮತ್ತು ಹೊತ್ತನ್ನು ಯಾವುದರ ಮೇಲೆ ಗೊತ್ತುಮಾಡಬೇಕು? ಮುಂಗಡ ಕೊಡುವ ಮೊದಲು ಗೈಡ್‌ನಲ್ಲಿ ಏನನ್ನು ಕೇಳಿದರೆ ಅವರು ಕೆಲಸ ಬಲ್ಲವರೋ ಅಲ್ಲವೋ ಎಂಬುದು ತಿಳಿಯುತ್ತದೆ?

ಅಳಿವೆಬಾಗಿಲು:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದೆಲ್ಲವೂ ಅದರ ಮೇಲೆ ನಿಂತಿದೆ. ಫೋನ್ ಮಾಡಿದಾಗ ಎಷ್ಟು ಮೀನು ಸಿಗುತ್ತದೆ ಎಂದು ಕೇಳಬೇಡಿ. "ಆ ದಿನ ನೀರು ಎಷ್ಟು ಹೊತ್ತಿಗೆ ತಿರುಗುತ್ತದೆ?" ಎಂದು ಕೇಳಿ. ಕೆಲಸ ಬಲ್ಲ ಗೈಡ್ ಕೂಡಲೇ ಉಬ್ಬರದ ಹೊತ್ತು ಹೇಳುತ್ತಾರೆ, ಅಥವಾ ನೋಡಿ ಹೇಳುತ್ತೇನೆ ಎಂದು ಹತ್ತು ನಿಮಿಷದಲ್ಲಿ ತಾವೇ ಕರೆ ಮಾಡುತ್ತಾರೆ. "ನೀವು ಬನ್ನಿ ಸಾರ್, ಯಾವಾಗ ಬಂದರೂ ಮೀನು ಇದೆ" ಎನ್ನುವವರಿಗೆ ಮುಂಗಡ ಕೊಡಬೇಡಿ. ಹದಿನಾಲ್ಕು ವರ್ಷಗಳಿಂದ ಉದ್ಯಾವರ ಹೊಳೆ, ಕೋಡಿಬೆಂಗ್ರೆ, ಹೆಜಮಾಡಿ ಕೋಡಿ, ಸಸಿಹಿತ್ಲುಗಳಲ್ಲಿ ಗಾಳ ಹಾಕುತ್ತಿದ್ದೇನೆ. ದೋಣಿ ಚಿಕ್ಕದಾಗಿದ್ದರಿಂದ ದಿನ ಕೆಟ್ಟದ್ದು ನನಗೆ ನೆನಪಿಲ್ಲ. ತಪ್ಪು ಹೊತ್ತಿಗೆ ಹೊರಟು ಕೆಟ್ಟ ದಿನಗಳು ಬಹಳ ಇವೆ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡೂ ಒಂದೇ ಎತ್ತರದವಲ್ಲ; ಒಂದು ದೊಡ್ಡದು, ಇನ್ನೊಂದು ಸಣ್ಣದು. ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರಿನ ಓಟ ಜೋರು, ಅಷ್ಟಮಿ ನವಮಿಯ ಹೊತ್ತಿಗೆ ಮಂದ. ಅಳಿವೆಯೊಳಗಿನ ಬೇಟೆಗಾರ ಮೀನುಗಳಾದ ಸೀಬಾಸ್, ಕೆಂಬೇರಿ, ಟ್ರೆವಲಿಗಳು ಹರಿಯುವ ನೀರಿನಲ್ಲಿ ತಾವು ಈಜಿ ದಣಿಯುವುದಿಲ್ಲ. ಕಲ್ಲಿನ ತಡೆಗೋಡೆ, ಸೇತುವೆಯ ಕಂಬ, ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ಮರೆಯಲ್ಲಿ ನಿಂತು, ಓಟದ ನೀರು ಹೊತ್ತು ತರುವ ಸಿಗಡಿಗೂ ಮರಿಮೀನುಗಳಿಗೂ ಕಾಯುತ್ತವೆ. ನೀರು ನಿಂತರೆ ಅವುಗಳ ಊಟವೂ ನಿಲ್ಲುತ್ತದೆ. ಹಾಗಾಗಿ ಉಬ್ಬರದ ಕೊನೆಯ ಒಂದೂವರೆ ಗಂಟೆ ಮತ್ತು ಇಳಿತ ಹಿಡಿದ ಮೊದಲ ಒಂದೂವರೆ ಗಂಟೆಗಳೇ ನಿಮ್ಮ ಅರ್ಧ ದಿನದ ಜೀವಾಳ. ಆ ಮೂರು ಗಂಟೆ ಬೆಳಗಿನ ತಂಪು ಹೊತ್ತಿಗೆ ಬೀಳುವ ದಿನವನ್ನು ಆರಿಸಿಕೊಳ್ಳಿ. ರಜೆ ಇರುವ ದಿನ ಎಂದು ಆರಿಸಬೇಡಿ.

ಬೆಳಗಿನ ಹೊತ್ತು ಎಂದದ್ದಕ್ಕೆ ಇನ್ನೊಂದು ಕಾರಣವಿದೆ. ಡಿಸೆಂಬರಿನಲ್ಲಿ ನಸುಕಿನಿಂದ ಗಾಳಿ ನೆಲದ ಕಡೆಯಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ನೀರು ಎಣ್ಣೆಯಂತೆ ಮಲಗಿರುತ್ತದೆ. ನೆಲ ಕಾದ ಮೇಲೆ ಗಾಳಿ ತಿರುಗಿ ಪಡುವಣದಿಂದ, ವಾಯವ್ಯದಿಂದ ಬೀಸತೊಡಗಿ, ಮಧ್ಯಾಹ್ನದ ಹೊತ್ತಿಗೆ ಅಲೆಗಳು ಒಡೆಯಲಾರಂಭಿಸುತ್ತವೆ. ಕಳೆದ ವರ್ಷ ನೀವು ಹತ್ತೂವರೆಗೆ ಹೊರಟು ಕಂಡದ್ದು ಇದನ್ನೇ. ಆರಕ್ಕೆ ಹೊರಟು ಹತ್ತೂವರೆಗೆ ದಡ ಸೇರುವ ಒಪ್ಪಂದ ಮಾಡಿಕೊಳ್ಳಿ.

ಜಾಗದ ಬಗ್ಗೆ ಹೇಳುವುದಾದರೆ, ನಿಮ್ಮ ತಂದೆಯವರಿಗೆ ಮೊದಲ ಸಲಕ್ಕೆ ನಾನು ಕೋಡಿಬೆಂಗ್ರೆಯ ಒಳನೀರನ್ನೇ ಹೇಳುತ್ತೇನೆ. ಸುವರ್ಣಾ ಮತ್ತು ಸೀತಾ ಹೊಳೆಗಳು ಅಲ್ಲಿ ಸೇರಿ ಕಡಲಿಗೆ ಇಳಿಯುತ್ತವೆ. ಒಳಗಿನ ನೀರು ಅಗಲವಾಗಿದೆ, ದೋಣಿ ತೂಗುವುದಿಲ್ಲ, ಕುಳಿತೇ ಗಾಳ ಹಾಕಬಹುದು, ಮೊಣಕಾಲಿಗೆ ಹೊರೆಯಿಲ್ಲ. ಅಳಿವೆಬಾಯಿ ದಾಟುವ ಪ್ರಮೇಯವೇ ಇಲ್ಲ. ಸೇಂಟ್ ಮೇರೀಸ್ ಕಡೆಯ ಕಲ್ಲುಗಳ ಸುತ್ತ ಮುರು (ಗ್ರೂಪರ್ ಮೀನು), ಕೆಂಬೇರಿ ಇರುತ್ತವೆ. ಹೊರಗಡೆ ದೋಣಿಯ ಹಿಂದೆ ಮಿನ್ನೋ (ಮರಿಮೀನಿನ ಆಕಾರದ ಕೃತಕ ಎರೆ) ಎಳೆದುಕೊಂಡು ನಿಧಾನವಾಗಿ ಹೋದರೆ ಅಂಜಲ್ ಮೀನು ಬೀಳುವುದೂ ಉಂಟು. ಆದರೆ ಅದು ತೆರೆದ ಕಡಲು. ಲಂಗರು ಹಾಕಿ ನಿಂತ ಸಣ್ಣ ದೋಣಿ ಅಲ್ಲಿ ಎಡೆಬಿಡದೆ ಹೊರಳುತ್ತದೆ. ತಂದೆಯವರು ಒಳನೀರಿನಲ್ಲಿ ಒಮ್ಮೆ ಕುಳಿತು ನೋಡಲಿ, ದ್ವೀಪ ಎಲ್ಲಿಗೂ ಹೋಗುವುದಿಲ್ಲ.

ಸಾಮಾನು ನೀವು ಕೊಳ್ಳಬೇಕಾಗಿಲ್ಲ, ಆದರೆ ಗೈಡ್ ಏನು ತರುತ್ತಾರೆ ಎಂದು ಕೇಳಿ. ಏಳು ಅಡಿಯ ರಾಡ್, 4000 ಅಳತೆಯ ಸ್ಪಿನ್ನಿಂಗ್ ರೀಲ್, 20ರಿಂದ 30 ಪೌಂಡ್‌ನ ಹೆಣೆದ ದಾರ, ಅದರ ತುದಿಗೆ 40 ಪೌಂಡ್‌ನ ಫ್ಲೋರೋಕಾರ್ಬನ್ ಲೀಡರ್ (ದಾರಕ್ಕೂ ಕೊಕ್ಕೆಗೂ ನಡುವೆ ಕಟ್ಟುವ ಗಟ್ಟಿ ತುಂಡು) ಒಂದು ಮಾರು ಇದ್ದರೆ ಒಳನೀರಿಗೆ ಸಾಕು. ಅಂಜಲಿನ ಹಲ್ಲು ಕತ್ತರಿಯಂತಿರುವುದರಿಂದ ಹೊರಗೆ ಹೋಗುವವರು ತಂತಿಯ ಲೀಡರ್ ಕಟ್ಟುತ್ತಾರೆ. ದೋಣಿ ಹತ್ತಿದ ಮೇಲೆ ರೀಲಿನ ಡ್ರ್ಯಾಗ್ ಅನ್ನು, ಅಂದರೆ ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ತಡೆಯನ್ನು, ದಾರ ಹಿಡಿದು ಕೈಯಿಂದ ಎಳೆದು ನೋಡಿ. ದಾರ ತಾಳುವ ಭಾರದ ಮೂರರಲ್ಲೊಂದು ಪಾಲಿಗೆ ಅದು ಬಿಟ್ಟುಕೊಡಬೇಕು, ಅದೂ ಜಗ್ಗದೆ, ಒಂದೇ ಸಮನೆ.

ಕೊನೆಯದಾಗಿ ಜೀವಂತ ಸಿಗಡಿಯ ವಿಷಯ. ಇದನ್ನು ನೋಡಿಯೇ ನಾನು ಗೈಡ್‌ನ ಕೈಯನ್ನು ಅಳೆಯುತ್ತೇನೆ. ಸಿಗಡಿಯ ತಲೆಯ ಮೇಲಿನ ಗರಗಸದಂಥ ಕೊಂಬಿನ ಬುಡದಲ್ಲಿ, ಚಿಪ್ಪಿನೊಳಗೆ, ಕಡು ಬಣ್ಣದ ಒಂದು ಚುಕ್ಕೆ ಕಾಣುತ್ತದೆ. ಗಾಳ ಆ ಚುಕ್ಕೆಯನ್ನು ತಾಗಿದರೆ ಸಿಗಡಿ ಅಲ್ಲಿಗೇ ಸತ್ತಿತು. ಅದಕ್ಕೆ ಸ್ವಲ್ಪ ಮುಂದೆ, ಕೊಂಬಿನ ಕೆಳಗಿನ ಗಟ್ಟಿ ಭಾಗದಲ್ಲಿ ಅಡ್ಡಲಾಗಿ ದಾಟಿಸಿದರೆ, ಅದು ಕಾಲಾಡಿಸುತ್ತ ನೀರಿನಲ್ಲಿ ಹಿಂದಕ್ಕೆ ಜಿಗಿಯುತ್ತ ಅರ್ಧ ಗಂಟೆಯಾದರೂ ಬದುಕಿರುತ್ತದೆ. ಸತ್ತ ಸಿಗಡಿಗೆ ಏಡಿಯೂ ತೇಡೆಯೂ (ಮುಳ್ಳಿರುವ ಮೀಸೆಮೀನು) ಬರುತ್ತವೆ. ಸೀಬಾಸ್ ಬರುವುದು ಜಿಗಿಯುವ ಸಿಗಡಿಗೆ.

ಪಡುಗಡಲು:

ಮೇಲಿನವರು ಬರೆದದ್ದು ಸರಿಯಾಗಿದೆ. ಆದರೆ ಅವರು "ಅಳಿವೆಬಾಯಿ ದಾಟುವ ಪ್ರಮೇಯವೇ ಇಲ್ಲ" ಎಂದು ಒಂದು ಮಾತಿನಲ್ಲಿ ಮುಗಿಸಿದ್ದನ್ನು ನಾನು ಬಿಡಿಸಿ ಹೇಳಬೇಕಾಗಿದೆ. ನಾವು ಮಂಗಳೂರಿನ ಬೆಂಗ್ರೆಯವರು, ಮೂರು ತಲೆಮಾರಿನಿಂದ ಕಡಲನ್ನೇ ನಂಬಿದವರು. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಸೇರುವ ಅಳಿವೆಯನ್ನು ದಾಟಿಯೇ ನನ್ನ ತಂದೆ ದಿನವೂ ದುಡಿಮೆಗೆ ಹೋಗುತ್ತಿದ್ದರು. ಕಡಲಿನ ಮಧ್ಯದಲ್ಲಿ ಅವರಿಗೆ ಭಯವಿರಲಿಲ್ಲ. ಅಳಿವೆಬಾಯಿಯಲ್ಲಿ ಅವರು ಮಾತೇ ಆಡುತ್ತಿರಲಿಲ್ಲ.

ಹೊಳೆ ತಂದ ಮರಳು ಬಾಯಿಯಲ್ಲಿ ದಿಬ್ಬವಾಗಿ ಕೂರುತ್ತದೆ, ಮಳೆಗಾಲ ಕಳೆದ ಮೇಲೆ ದಿಬ್ಬದ ಜಾಗವೂ ಬದಲಾಗಿರುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೆಲ್ಲ ಜೋರಾಗಿ ಹೊರಕ್ಕೆ ನುಗ್ಗುವಾಗ, ಪಡುವಣದಿಂದ ಬರುವ ಅಲೆ ಅದಕ್ಕೆ ಎದುರಾಗಿ, ಆಳ ಕಡಿಮೆಯಾದ ದಿಬ್ಬದ ಮೇಲೆ ಗೋಡೆಯಂತೆ ಎದ್ದು ನಿಂತು ಒಡೆಯುತ್ತದೆ. ಹತ್ತು ನಿಮಿಷದ ಹಿಂದೆ ಶಾಂತವಾಗಿದ್ದ ಬಾಯಿ ಅದೇ ಗಾಳಿಯಲ್ಲಿ, ಅದೇ ಬಿಸಿಲಿನಲ್ಲಿ ದೋಣಿ ಮಗುಚುವ ಜಾಗವಾಗಬಹುದು. ಆದುದರಿಂದ ಹೊರಗೆ ಹೋಗುವವರು ಹೋಗುವ ಹೊತ್ತನ್ನು ಮಾತ್ರವಲ್ಲ, ಮರಳುವ ಹೊತ್ತನ್ನೂ ನೀರು ನೋಡಿಯೇ ಗೊತ್ತುಮಾಡಬೇಕು. "ಮೀನು ಕಚ್ಚುತ್ತಿದೆ, ಇನ್ನೊಂದು ಗಂಟೆ ಇರೋಣ" ಎಂದು ನೀವು ಹೇಳಿದಾಗ, "ಇಲ್ಲ, ನೀರು ಇಳಿಯುತ್ತಿದೆ, ಹೋಗಲೇಬೇಕು" ಎನ್ನುವ ತಂಡೇಲನೇ (ದೋಣಿ ನಡೆಸುವವನೇ) ನಿಮಗೆ ಬೇಕಾದವನು. ಅವನ ಮೇಲೆ ಸಿಟ್ಟಾಗಬೇಡಿ.

ದೋಣಿಯ ಕಾಗದವನ್ನೂ ಕೇಳಿ. ಮೀನುಗಾರಿಕೆಗೆ ನೋಂದಣಿಯಾದ ದೋಣಿ ಬೇರೆ, ಪ್ರವಾಸಿಗರನ್ನು ಕೂರಿಸಿಕೊಳ್ಳಲು ಅನುಮತಿಯೂ ವಿಮೆಯೂ ಇರುವ ದೋಣಿ ಬೇರೆ. ಪರಿಚಯದವರು ಎಂಬ ಸಲಿಗೆಯಲ್ಲಿ ಮೀನಿನ ದೋಣಿಯಲ್ಲಿ ಜನರನ್ನು ಕರೆದೊಯ್ಯುವುದು ನಮ್ಮಲ್ಲೂ ನಡೆಯುತ್ತದೆ, ಆದರೆ ಅವಘಡವಾದರೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ. ಎಲ್ಲರೂ ಆಧಾರ್ ಚೀಟಿ ಇಟ್ಟುಕೊಳ್ಳಿ, ಕರಾವಳಿ ಕಾವಲು ಪೊಲೀಸರು ತಡೆದು ಕೇಳುವುದುಂಟು. ಅವರ ಸಹಾಯವಾಣಿ 1093, ಕೋಸ್ಟ್ ಗಾರ್ಡ್‌ನದು 1554. ಎರಡನ್ನೂ ಫೋನಿನಲ್ಲಿ ಉಳಿಸಿಕೊಂಡು, ಫೋನನ್ನು ನೀರು ಹೋಗದ ಚೀಲದಲ್ಲಿಡಿ. ಹಿಂದಿನ ರಾತ್ರಿ ಹವಾಮಾನ ಇಲಾಖೆಯ ಎಚ್ಚರಿಕೆಯನ್ನೂ, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಪ್ರಕಟಿಸುವ ಅಲೆಯ ಎತ್ತರದ ಮುನ್ಸೂಚನೆಯನ್ನೂ ನೋಡಿ. ದೂರದ ಸಾಗರದಲ್ಲಿ ಎದ್ದ ಅಲೆ ಇಲ್ಲಿ ಗಾಳಿಯೇ ಇಲ್ಲದ ದಿನವೂ ದಡಕ್ಕೆ ಬಡಿಯುತ್ತದೆ, ಅದು ಆಕಾಶ ನೋಡಿ ತಿಳಿಯುವಂಥದ್ದಲ್ಲ.

ಡಿಸೆಂಬರಿನಲ್ಲಿ ಹೋಗುವ ನಿಮಗೆ ಮಳೆಗಾಲದ ನಿಷೇಧದ ತೊಡಕಿಲ್ಲ. ಆದರೆ ಈ ಚರ್ಚೆಯನ್ನು ಮುಂದೆ ಓದುವವರಿಗಾಗಿ ಹೇಳುತ್ತೇನೆ: ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ನಾಡದೋಣಿಗಳೂ 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ದೋಣಿಗಳೂ ಅದರಿಂದ ಹೊರಗಿವೆ. ಅದನ್ನು ನೆಪ ಮಾಡಿಕೊಂಡು ಆಷಾಢದ ಕಡಲಿಗೆ ಹವ್ಯಾಸಕ್ಕೆಂದು ಇಳಿಯಲು ಯಾರಾದರೂ ಕರೆದರೆ ಹೋಗಬೇಡಿ.

ಒಂದು ಕೋರಿಕೆ. ಅಳಿವೆಯೊಳಗೆ ಬಿಳಿಯ ತೇಲುಬೆಂಡುಗಳ ಸಾಲು ಕಂಡರೆ ಅದು ಯಾರದೋ ಬಲೆ. ಅದರ ಹತ್ತಿರ ಗಾಳ ಎಸೆಯಬೇಡಿ. ಮೂರು ಕೊಕ್ಕೆಗಳ ಒಂದು ಮಿನ್ನೋ ಬಲೆಗೆ ಸಿಕ್ಕಿ, ಅದನ್ನು ಕಿತ್ತುಕೊಳ್ಳಲು ಕತ್ತರಿ ಹಾಕಿದರೆ, ಆ ಮನೆಯವರು ಇಡೀ ದಿನ ಕುಳಿತು ಬಲೆ ಹೆಣೆಯಬೇಕು. ನನ್ನ ತಾಯಿ ಹಾಗೆ ಕುಳಿತದ್ದನ್ನು ನಾನು ನೋಡಿದ್ದೇನೆ. ನಿಮಗೆ ಅದು ಒಂದು ಬೆಳಗಿನ ಸಂತೋಷ, ಅವರಿಗೆ ಆ ದಿನದ ಅಕ್ಕಿ. ಸಿಕ್ಕಿಬಿದ್ದರೆ ದಾರವನ್ನು ನಿಮ್ಮ ಕಡೆಯಿಂದಲೇ ಕತ್ತರಿಸಿ, ಕೊಕ್ಕೆ ಬಲೆಯಲ್ಲೇ ಉಳಿದಿದೆ ಎಂದು ಅವರನ್ನು ಹುಡುಕಿ ತಿಳಿಸಿ.

ಬಿಳಿಮಲ್ಲಿಗೆ:

ನಾನು ಗಾಳ ಹಾಕುವವಳಲ್ಲ. ನನ್ನ ಪತಿ ಹಾಕುತ್ತಾರೆ. ಹದಿನೆಂಟು ವರ್ಷ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ಗಾಳದ ಹವ್ಯಾಸಿಗಳು ನಮ್ಮಲ್ಲಿಗೆ ಬರುವುದು ಮುಖ್ಯವಾಗಿ ಎರಡು ಕಾರಣಕ್ಕೆ: ತೇಡೆಯ ಮುಳ್ಳು ಮತ್ತು ಚರ್ಮಕ್ಕೆ ಹೊಕ್ಕ ಕೊಕ್ಕೆ. ನಿಮ್ಮ ಜೊತೆ ಮಗು ಇರುವುದರಿಂದ ಇದನ್ನು ಬರೆಯಲೇಬೇಕೆನ್ನಿಸಿತು.

ತೇಡೆಯ ಬೆನ್ನಿನ ಮೇಲೆ ಒಂದು, ಎರಡು ಪಕ್ಕಗಳಲ್ಲಿ ಒಂದೊಂದು, ಹೀಗೆ ಮೂರು ಗಟ್ಟಿ ಮುಳ್ಳುಗಳಿವೆ. ಮೀನು ಹೆದರಿದಾಗ ಅವು ಸೆಟೆದು ಕೊಂಡಿಯಂತೆ ನಿಲ್ಲುತ್ತವೆ, ಮುಳ್ಳಿನ ಅಂಚು ಗರಗಸದಂತಿರುತ್ತದೆ, ಅದರ ಮೇಲಿನ ಪೊರೆಯಲ್ಲಿ ನಂಜಿದೆ. ಅಳಿವೆಯಲ್ಲಿ ಬೇಡವೆಂದರೂ ಗಾಳಕ್ಕೆ ಬೀಳುವ ಮೀನು ಇದೇ. ಮಗಳು ಮೀನು ಕಂಡ ಖುಷಿಯಲ್ಲಿ ಕೈ ಹಾಕುವ ಮೊದಲೇ ಅವಳಿಗೆ ತಿಳಿಸಿ ಹೇಳಿ. ಚುಚ್ಚಿದರೆ ತಾಳಬಹುದಾದಷ್ಟು ಬಿಸಿಯ, ಅಂದರೆ ಸುಮಾರು 45 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಆ ಭಾಗವನ್ನು ಅರ್ಧದಿಂದ ಒಂದೂವರೆ ಗಂಟೆ ಮುಳುಗಿಸಿಡಬೇಕು; ಆ ನಂಜು ಶಾಖಕ್ಕೆ ಕೆಡುವಂಥದ್ದು, ನೋವು ಬೇಗನೆ ಇಳಿಯುತ್ತದೆ. ನೋವಿನಿಂದ ಜೋಮು ಹಿಡಿದ ಕೈಗೆ ಬಿಸಿಯ ಅಳತೆ ತಿಳಿಯುವುದಿಲ್ಲ, ಆದ್ದರಿಂದ ಬೇರೆಯವರು ತಮ್ಮ ಕೈಯನ್ನು ಮೊದಲು ಅದ್ದಿ ನೋಡಬೇಕು. ಫ್ಲಾಸ್ಕ್‌ನಲ್ಲಿ ಬಿಸಿನೀರು ಒಯ್ಯಿರಿ, ಚಹಾಕ್ಕೂ ಆಯಿತು. ಮುಳ್ಳಿನ ಚೂರು ಒಳಗೆ ಮುರಿದು ಉಳಿಯುವುದುಂಟು, ಹಾಗಾಗಿ ದಡಕ್ಕೆ ಬಂದ ಮೇಲೆ ವೈದ್ಯರಿಗೆ ತೋರಿಸಿ, ಟೆಟನಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ತೊರಕೆ ಮೀನಿನ (ಸ್ಟಿಂಗ್‌ರೇ) ಬಾಲದ ಮುಳ್ಳಿಗೂ ಮೊದಲ ಚಿಕಿತ್ಸೆ ಇದೇ, ಆದರೆ ಗಾಯ ಆಳವಾದದ್ದು. ತಡಮಾಡದೆ ಆಸ್ಪತ್ರೆಗೆ ಹೊರಡಬೇಕು.

ಕೊಕ್ಕೆಯ ವಿಷಯದಲ್ಲಿ ಸುಲಭದ ದಾರಿಯೊಂದಿದೆ. ಹೊರಡುವ ಮೊದಲೇ ಗೈಡ್‌ಗೆ ಹೇಳಿ ಎಲ್ಲ ಕೊಕ್ಕೆಗಳ ಹಿಮ್ಮುಳ್ಳನ್ನು (ತುದಿಯ ಬಳಿ ಹಿಂದಕ್ಕೆ ಚಾಚಿರುವ ಮೊನೆಯನ್ನು) ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಸಿ. ಹಿಮ್ಮುಳ್ಳಿಲ್ಲದ ಕೊಕ್ಕೆ ಹೊಕ್ಕ ದಾರಿಯಲ್ಲೇ ಹೊರಬರುತ್ತದೆ, ಮನುಷ್ಯರ ಬೆರಳಿನಿಂದಲೂ ಮೀನಿನ ಬಾಯಿಯಿಂದಲೂ. ಕಣ್ಣಿಗೆ ಎಲ್ಲರೂ ಕನ್ನಡಕ ಹಾಕಿಕೊಂಡಿರಲಿ. ಎಸೆಯುವಾಗ ಹಿಂದೆ ಯಾರಿದ್ದಾರೆಂದು ನೋಡದೆ ಎಸೆದ ಮಿನ್ನೋ ಒಬ್ಬ ಹುಡುಗನ ಹುಬ್ಬಿಗೆ ನೆಟ್ಟಿದ್ದನ್ನು ನಾನು ನೋಡಿದ್ದೇನೆ. ಅರ್ಧ ಅಂಗುಲ ಕೆಳಗಾಗಿದ್ದರೆ ಆ ಕಣ್ಣು ಹೋಗುತ್ತಿತ್ತು.

ವಾಂತಿಯ ಮಾತ್ರೆ ದೋಣಿ ತೂಗಲು ಶುರುವಾದ ಮೇಲೆ ಉಪಯೋಗಕ್ಕೆ ಬರುವುದಿಲ್ಲ, ಹೊರಡುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ತಂದೆಯವರು ರಕ್ತದೊತ್ತಡಕ್ಕೋ ಪ್ರಾಸ್ಟೇಟ್‌ಗೋ ಔಷಧಿ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಕೊಡಬೇಡಿ. ಖಾಲಿ ಹೊಟ್ಟೆ ಬೇಡ, ಎರಡು ಇಡ್ಲಿ ಸಾಕು.

ಕಾಪುದೀಪ:

ಹಿಡಿದ ಮೀನಿನ ಬಗ್ಗೆ ಯಾರೂ ಬರೆದಿಲ್ಲ. ಐಸ್ ಪೆಟ್ಟಿಗೆ ದೋಣಿಯಲ್ಲಿರಲೇಬೇಕು, ಮೀನಿನಷ್ಟೇ ತೂಕದ ಪುಡಿ ಐಸ್ ಬೇಕು. ಅಂಜಲ್, ಬಂಗುಡೆಗಳಂಥ ಮೀನುಗಳು ಬಿಸಿಲಿನಲ್ಲಿ ಬಿದ್ದಿದ್ದರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಅದು ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ತಿಂದವರಿಗೆ ಮುಖ ಕೆಂಪೇರಿ ಮೈಯೆಲ್ಲ ತುರಿಸುತ್ತದೆ. ಹಿಡಿದ ಕೂಡಲೇ ಕಿವಿರಿನ ಬಳಿ ಕೊಯ್ದು ರಕ್ತ ಹರಿಸಿ ಐಸಿಗೆ ಹಾಕಿದ ಕೆಂಬೇರಿಯ ರುಚಿ ತಿಂದವರಿಗೇ ಗೊತ್ತು.

ಹಿಡಿದದ್ದನ್ನೆಲ್ಲ ಬಿಡಬೇಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮನೆಗೆ ಬೇಕಾದ ಒಂದು ಮೀನನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಅಳಿವೆಬಾಗಿಲು:

ಕಾಪುದೀಪ ಅವರೇ, ಒಂದು ಮೀನಿನ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಯಾವ ಒಂದು ಎಂಬುದು ಮುಖ್ಯ. ಅಳಿವೆಯೊಳಗೆ ಸಿಗುವ ಕೆಂಬೇರಿಗಳಲ್ಲಿ ಹೆಚ್ಚಿನವು ಇನ್ನೂ ಮೊಟ್ಟೆಯಿಡದ ಎಳೆಯವು. ಅವು ಇಲ್ಲಿ ಬೆಳೆದು, ಆಮೇಲೆ ಹೊರಗಿನ ಕಲ್ಲುಗಳ ಕಡೆಗೆ ಹೋಗಿ ಸಂತಾನ ಬೆಳೆಸುತ್ತವೆ. ಸೀಬಾಸ್‌ನದು ಇನ್ನೂ ವಿಚಿತ್ರ: ಅದು ಗಂಡಾಗಿ ಬಲಿತು, ಕೆಲವು ವರ್ಷಗಳ ನಂತರ ಹೆಣ್ಣಾಗುತ್ತದೆ. ಅಂದರೆ ನಾವು ಫೋಟೋಗೆ ಎತ್ತಿ ಹಿಡಿಯುವ ಅತಿ ದೊಡ್ಡ ಮೀನುಗಳೆಲ್ಲ ಹೆಚ್ಚುಕಡಿಮೆ ತಾಯಿಯರೇ. ಹಾಗಾಗಿ ನಾನು ಅಂಗೈಯಷ್ಟಿನದನ್ನೂ ಬಿಡುತ್ತೇನೆ, ಅತಿ ದೊಡ್ಡದನ್ನೂ ಬಿಡುತ್ತೇನೆ, ನಡುವಿನ ಒಂದನ್ನು ಮನೆಗೆ ಒಯ್ಯುತ್ತೇನೆ.

ಬಿಡುವ ಮೀನನ್ನು ಒಣಗಿದ ಕೈಯಿಂದ ಹಿಡಿಯಬೇಡಿ, ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಕೈ ಒದ್ದೆ ಮಾಡಿಕೊಂಡು, ಹೊಟ್ಟೆಯ ಕೆಳಗೆ ಆಸರೆ ಕೊಟ್ಟು, ನೀರಿಗೆ ಹತ್ತಿರವೇ ಹಿಡಿದು, ಅದು ತಾನಾಗಿ ಬಾಲ ಬೀಸುವವರೆಗೆ ಕಾಯಬೇಕು. ಕೊಕ್ಕೆ ನುಂಗಿದ್ದರೆ ಕೆದಕದೆ ದಾರ ಕತ್ತರಿಸಿ ಬಿಡಿ. ನುಂಗದಿರಲೆಂದೇ ಸರ್ಕಲ್ ಹುಕ್ ಬಳಸುವುದು. ತುದಿ ಒಳಮುಖವಾಗಿ ಬಾಗಿರುವ ಆ ಕೊಕ್ಕೆ ಮೀನು ತಿರುಗಿ ಓಡುವಾಗ ತಾನೇ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಕಡಲಾಮೆಯಾಗಲಿ, ಗರಗಸ ಮೀನಾಗಲಿ ಸಿಕ್ಕಿದರೆ ದೋಣಿಗೆ ಎತ್ತುವಂತಿಲ್ಲ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ.

ತುಂಗಾತೀರ:

ನಿನ್ನೆ ಹೋಗಿ ಬಂದೆವು. ಸಲಹೆ ಕೊಟ್ಟ ಎಲ್ಲರಿಗೂ ಋಣಿಯಾಗಿದ್ದೇನೆ. ನಡೆದದ್ದನ್ನು ಬರೆದರೆ ಮುಂದೆ ಹೋಗುವವರಿಗೆ ಅನುಕೂಲವಾದೀತು.

ಮೂವರಿಗೆ ಫೋನ್ ಮಾಡಿ ನೀರು ತಿರುಗುವ ಹೊತ್ತು ಕೇಳಿದೆ. ಒಬ್ಬರು ವಿಷಯ ಬದಲಿಸಿದರು, ಇನ್ನೊಬ್ಬರು ದರ ಕಡಿಮೆ ಮಾಡುತ್ತೇನೆ ಎಂದರು. ಮೂರನೆಯವರು ಮಾತ್ರ, "ನೀವು ಹೇಳಿದ ಶನಿವಾರ ಬೇಡ, ನೀರು ಮಧ್ಯಾಹ್ನ ತುಂಬುತ್ತದೆ, ಮಂಗಳವಾರ ಬನ್ನಿ" ಎಂದರು. ಅವರೊಂದಿಗೇ ಹೋದೆವು. ದರ ತಲೆಗಿಷ್ಟು ಎಂದಿರಲಿಲ್ಲ, ಇಡೀ ದೋಣಿಗೆ ಎಂದಿತ್ತು. ಡೀಸೆಲ್, ಸಿಗಡಿ, ಐಸ್ ಎಲ್ಲವೂ ಅದರಲ್ಲೇ ಸೇರಿದೆಯೇ ಎಂದು ಮೊದಲೇ ಕೇಳಿ ಬರೆಸಿಕೊಂಡಿದ್ದೆ. ಮಗಳ ಅಳತೆಯ ಲೈಫ್ ಜಾಕೆಟ್ ಅವರ ಬಳಿ ಇಲ್ಲದಿದ್ದುದರಿಂದ ಹಿಂದಿನ ದಿನವೇ ಬೇರೆ ಕಡೆಯಿಂದ ತರಿಸಿಟ್ಟಿದ್ದರು.

ಆರೂಕಾಲಕ್ಕೆ ಕೋಡಿಬೆಂಗ್ರೆಯ ಒಳದಂಡೆಯಿಂದ ಹೊರಟೆವು. ಹಂಗಾರಕಟ್ಟೆಯ ಕಡೆಯ ದೀಪಗಳು ಇನ್ನೂ ಆರಿರಲಿಲ್ಲ. ನೀರು ಕದಲದಂತೆ ಕಾಣುತ್ತಿತ್ತು, ಆದರೆ ಗೈಡ್ ಎಂಜಿನ್ ನಿಲ್ಲಿಸಿದಾಗ ದೋಣಿ ತಾನಾಗಿಯೇ ಹೊಳೆಯ ಮೇಲ್ಮುಖಕ್ಕೆ ತೇಲತೊಡಗಿತು. ಉಬ್ಬರ ಒಳಗೆ ಬರುತ್ತಿದೆ ಎಂದು ಅಪ್ಪನೇ ಮೊದಲು ಹೇಳಿದರು. ಕಾಂಡ್ಲಾ ಗಿಡಗಳ ಮಗ್ಗುಲಲ್ಲಿ ಲಂಗರು ಹಾಕಿ, ಗೈಡ್ ಸಿಗಡಿಯನ್ನು ಹಗಲ ಬೆಳಕಿಗೆ ಎತ್ತಿ ಹಿಡಿದು, ಆ ಕಪ್ಪು ಚುಕ್ಕೆಯನ್ನು ಮಗಳಿಗೆ ತೋರಿಸಿ, ಅದರ ಮುಂದೆ ಕೊಕ್ಕೆ ದಾಟಿಸಿದರು. ಆ ಚುಕ್ಕೆಯ ವಿಷಯ ಇಲ್ಲಿ ಓದಿಕೊಂಡೇ ಬಂದಿದ್ದೆನಾದರೂ ಕಣ್ಣಾರೆ ಕಂಡಾಗಲೇ ಅರ್ಥವಾಯಿತು.

ಮೊದಲ ಎರಡು ಮೀನುಗಳನ್ನು ಅಪ್ಪ ಕಳೆದುಕೊಂಡರು. ತುಂಗೆಯಲ್ಲಿ ಐವತ್ತು ವರ್ಷ ಬೆಂಡು ಮುಳುಗಿದ ಕೂಡಲೇ ಕೋಲನ್ನು ತಟ್ಟನೆ ಎತ್ತಿದ ಕೈ ಅವರದು. ಸರ್ಕಲ್ ಹುಕ್‌ಗೆ ಹಾಗೆ ಎಳೆದರೆ ಅದು ಮೀನಿನ ಬಾಯಿಂದ ಜಾರಿ ಬರುತ್ತದೆ. ಗೈಡ್ ಅವರ ಮೊಣಕೈಯ ಮೇಲೆ ಮೆಲ್ಲಗೆ ಕೈಯಿಟ್ಟು, "ಎತ್ತಬೇಡಿ ಅಜ್ಜ, ಅದು ಓಡಲಿ, ನೀವು ರೀಲು ಮಾತ್ರ ಸುತ್ತಿ" ಎಂದರು. ಮೂರನೆಯದು ಕಚ್ಚಿದಾಗ ಅಪ್ಪನ ಹೆಬ್ಬೆರಳು ರಾಡಿನ ಮೇಲೆ ಬಿಳಿಚಿಕೊಂಡದ್ದು ಕಂಡಿತು, ಆದರೆ ಅವರು ಎತ್ತಲಿಲ್ಲ. ದಾರ ಓರೆಯಾಗಿ ಬೇರುಗಳ ಕಡೆಗೆ ಓಡಿತು, ರಾಡ್ ಬಾಗಿತು, ಆಗ ಅವರು ಸುತ್ತತೊಡಗಿದರು. ಬಂದದ್ದು ಒಂದು ಗೇಣಿಗಿಂತ ಸ್ವಲ್ಪ ಉದ್ದದ ಕೆಂಬೇರಿ, ತಾಮ್ರದ ಬಣ್ಣ. ಅಪ್ಪ ಅದನ್ನು ಒದ್ದೆ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಬಿಡೋಣವೇ ಎಂದು ಮಗಳು ಕೇಳಿದಳು, ಬಿಟ್ಟರು.

ಆಮೇಲೆ ಎರಡು ತೇಡೆ ಬಂದವು, ಇಕ್ಕಳದಿಂದಲೇ ಬಿಡಿಸಿದೆವು, ಫ್ಲಾಸ್ಕ್‌ನ ಬಿಸಿನೀರು ಚಹಾಕ್ಕೇ ಖರ್ಚಾಯಿತು. ಇಳಿತ ಹಿಡಿದ ಮೇಲೆ ಮಗಳಿಗೆ ಒಂದು ಟ್ರೆವಲಿ ಸಿಕ್ಕಿತು, ಅದನ್ನು ಇಟ್ಟುಕೊಂಡೆವು. ಹತ್ತು ಗಂಟೆಗೆ ಪಡುವಣ ಗಾಳಿಯ ಮೊದಲ ಎಳೆ ಮುಖಕ್ಕೆ ತಾಗಿದಾಗ ಗೈಡ್ ನಮ್ಮನ್ನು ಕೇಳದೆಯೇ ಲಂಗರು ಎತ್ತಿದರು. ಇನ್ನೂ ಅರ್ಧ ಗಂಟೆ ಇದೆಯಲ್ಲ ಎನ್ನಬೇಕೆನ್ನಿಸಿತು, ಆದರೆ ಪಡುಗಡಲು ಅವರು ಬರೆದದ್ದು ನೆನಪಾಗಿ ಸುಮ್ಮನಾದೆ.

ಫೆಬ್ರವರಿಯಲ್ಲಿ ಅಪ್ಪ ಮತ್ತೆ ಬರುತ್ತಾರೆ. ದ್ವೀಪದ ಕಲ್ಲುಗಳ ಬಳಿ ಮುರು ಮೀನಿಗೆ ಹೋಗಬೇಕಂತೆ. ಅಲ್ಲಿ ಸಣ್ಣ ದೋಣಿಯಲ್ಲಿ ಅವರ ವಯಸ್ಸಿನವರು ಕುಳಿತು ಗಾಳ ಹಾಕಲು ಬೆನ್ನಿಗೆ ಆಸರೆಯಿರುವ ಆಸನವನ್ನು ಯಾರಾದರೂ ಕೊಡಿಸಿದ್ದರೆ, ದಯವಿಟ್ಟು ಅದನ್ನು ದೋಣಿಗೆ ಹೇಗೆ ಭದ್ರಪಡಿಸಿದಿರಿ ಎಂಬುದನ್ನು ತಿಳಿಸಿ.